ಬಾಣಲೆಯಲ್ಲಿ ಹುರಿದ ಮೇಲೆ ನಮ್ಮ ಕಾಫಿ ನಮಗೇ ಗೊತ್ತಾಯ್ತು

(ಇದು ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಓದೋಕೆ ಸುಲಭವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ. ಮಾತಿನ ಧಾಟಿ ಹಾಗೇ ಇದೆ.)

ಕೈಯಲ್ಲಿ ಕಾಫಿ ಲೋಟ ಇದ್ರೆ ಒಂದು ಗುಟುಕು ಕುಡಿದು ಶುರು ಮಾಡಿ. ಇಲ್ದಿದ್ರೂ ಪರವಾಗಿಲ್ಲ, ಕಂತು ಮುಗಿಯೋ ಹೊತ್ತಿಗೆ ಖಂಡಿತ ಬೇಕು ಅನ್ಸುತ್ತೆ.

ಇವತ್ತಿನ ವಿಷಯ, ಹಸಿರು ಕಾಫಿ ಬೀಜವನ್ನ ಮನೇಲೇ ಹುರಿಯೋದು. ದೊಡ್ಡ ಮೆಷಿನ್ ಏನೂ ಬೇಡ. ಬಾಣಲೆ, ಸಟ್ಟುಗ, ಮೊರ, ಇಷ್ಟೇ. ಹೇಗೆ ಹುರಿಯೋದು ಅಂತ ಹೇಳ್ತೀನಿ. ಆದ್ರೆ ಅದಕ್ಕಿಂತ ಮುಂಚೆ ನಾನು ಯಾಕೆ ಹುರಿಯೋಕೆ ಹೋದೆ ಅನ್ನೋದನ್ನ ಹೇಳ್ಬೇಕು. ಅದು ಸ್ವಲ್ಪ ನಾಚಿಕೆಯ ಕಥೆ.

ನಮ್ಮನೆ ಇರೋದು ಕಳಸದ ಹತ್ತಿರ. 3 ಎಕರೆ ತೋಟ, ಜಾಸ್ತಿ ರೊಬಸ್ಟಾ, ಮರಕ್ಕೆ ಹಬ್ಬಿಸಿದ ಮೆಣಸು. ನಾನೀಗ ಕೆಲಸಕ್ಕೆ ಬೆಂಗಳೂರಲ್ಲಿದ್ದೀನಿ. ಆಫೀಸಲ್ಲಿ ಯಾರಾದ್ರೂ "ನಿಮ್ಮೂರು ಯಾವುದು" ಅಂತ ಕೇಳಿದ್ರೆ "ಚಿಕ್ಕಮಗಳೂರು ಕಡೆ, ಕಾಫಿ ತೋಟ ಇದೆ" ಅಂತ ಸ್ವಲ್ಪ ಗತ್ತಲ್ಲೇ ಹೇಳ್ತಿದ್ದೆ. ಒಂದಿನ ಜೊತೆಗೆ ಕೆಲಸ ಮಾಡೋ ಹುಡುಗಿ ಕೇಳಿದ್ಲು: "ಹಾಗಾದ್ರೆ ನಿಮ್ಮ ಕಾಫಿ ರುಚಿ ಹೇಗಿರುತ್ತೆ?"

ನನಗೆ ಉತ್ತರ ಗೊತ್ತಿರ್ಲಿಲ್ಲ.

ನಿಜ ಹೇಳ್ತೀನಿ. ನಮ್ಮನೆ ಶೆಡ್ಡಲ್ಲಿ ಮೂಟೆ ಮೂಟೆ ಕಾಫಿ. ಅಡುಗೆಮನೆ ಡಬ್ಬೀಲಿ ಪೇಟೆಯಿಂದ ತಂದ ಪುಡಿ, ಅದೂ ಚಿಕೋರಿ ಬೆರೆಸಿದ್ದು. ನಾನು ಹುಟ್ಟಿದಾಗಿಂದ ಕುಡಿದಿದ್ದು ಅದನ್ನೇ. ನಮ್ಮ ಗಿಡದ ಕಾಫಿಯನ್ನ ನಾನು ಒಂದು ಸಲಾನೂ ಕುಡಿದಿರ್ಲಿಲ್ಲ. ನಮ್ಮೊಬ್ಬರ ಮನೆ ಕಥೆ ಅಂದ್ಕೋಬೇಡಿ. ಮೂಡಿಗೆರೆ, ಕಳಸ, ಕೊಪ್ಪ ಯಾವ ಕಡೆ ಸಣ್ಣ ಬೆಳೆಗಾರರ ಮನೆಗೆ ಹೋದ್ರೂ ಬಹಳ ಕಡೆ ಇದೇ ಕಥೆ.

ಏಳು ಬೀಜ, ಆಮೇಲೆ ಪೂಲ್

ಇದು ಯಾಕೆ ಹೀಗಾಯ್ತು? ಸ್ವಲ್ಪ ಹಿಂದಕ್ಕೆ ಹೋಗೋಣ.

ಬಾಬಾಬುಡನ್ ಕಥೆ ನಿಮಗೆ ಗೊತ್ತೇ ಇದೆ. 17ನೇ ಶತಮಾನದಲ್ಲಿ ಯೆಮನ್‌ನ ಮೋಖಾದಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ರು ಅನ್ನೋದು ನಮ್ಮ ಕಡೆ ಎಲ್ಲರ ಬಾಯಲ್ಲಿರೋ ಕಥೆ. ಆಮೇಲೆ ಬ್ರಿಟಿಷರ ಎಸ್ಟೇಟ್‌ಗಳು ಬಂದ್ವು. 1925ರಲ್ಲಿ ಬಾಳೆಹೊನ್ನೂರಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾಯ್ತು. ಇವತ್ತಿಗೂ ಅರೇಬಿಕಾ ತೋಟಗಳಲ್ಲಿ ಕಾಣೋ ಎಸ್ 795 ತಳಿ ಬಂದಿದ್ದು ಅಲ್ಲಿಂದಲೇ.

ನನ್ನ ಕಥೆಗೆ ಮುಖ್ಯವಾದ ವರ್ಷ 1942. ಎರಡನೇ ಮಹಾಯುದ್ಧದ ಕಾಲ. ಆಗ ಕಾಫಿ ಕಾಯ್ದೆ ಬಂತು. ಅದರ ಪ್ರಕಾರ ಬೆಳೆಗಾರರು ಬೆಳೆದ ಕಾಫಿಯನ್ನ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕು. ಮನೆ ಬಳಕೆಗೆ, ಬಿತ್ತನೆಗೆ ಅಂತ ಒಂದಿಷ್ಟು ಇಟ್ಕೋಬಹುದು, ಅಷ್ಟೇ. ಎಲ್ಲರ ಕಾಫಿನೂ ಒಟ್ಟಿಗೆ ಸೇರಿ ಹರಾಜಾಗ್ತಿತ್ತು, ದುಡ್ಡು ಕಂತು ಕಂತಾಗಿ ಬರ್ತಿತ್ತು. 1990ರ ದಶಕದಲ್ಲಿ ಇದು ಹಂತ ಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಎಲ್ಲ ಬೆಳೆಗಾರರಿಗೂ ಪೂರ್ತಿ ಬೆಳೆಯನ್ನ ತಮಗೆ ಬೇಕಾದವರಿಗೆ ಮಾರೋ ಸ್ವಾತಂತ್ರ್ಯ ಸಿಕ್ತು.

ಅಂದ್ರೆ ಐವತ್ತಕ್ಕೂ ಹೆಚ್ಚು ವರ್ಷ, ಎರಡು ತಲೆಮಾರು, ನಮ್ಮವರ ಕಾಫಿ ಚೀಲ ಹೊಲಿದ ಕೂಡ್ಲೇ ಅದು ನಮ್ಮದಲ್ಲ. ಅದರ ರುಚಿ ಏನು ಅಂತ ನಮಗೆ ಯಾರೂ ಕೇಳ್ಲಿಲ್ಲ. ಪೂಲ್ ಹೋಯ್ತು, ಅಭ್ಯಾಸ ಉಳೀತು. ಇವತ್ತಿಗೂ ದೇಶದ ಕಾಫಿಯಲ್ಲಿ ಸುಮಾರು 70 ಪರ್ಸೆಂಟ್ ಬೆಳೆಯೋದು ಕರ್ನಾಟಕದಲ್ಲಿ. ದೇಶದ ಬೆಳೆಯಲ್ಲಿ ಹೆಚ್ಚಿನ ಪಾಲು ಹೋಗೋದು ಹೊರದೇಶಕ್ಕೆ. ಇಟಲಿಯವನಿಗೆ ನಮ್ಮ ರೊಬಸ್ಟಾ ರುಚಿ ಗೊತ್ತು, ನಮಗೆ ಗೊತ್ತಿಲ್ಲ.

ಹಾಗಂತ ಮನೇಲಿ ಯಾರೂ ಹುರೀತಿರ್ಲಿಲ್ಲ ಅಂತಲ್ಲ. ನಮ್ಮಜ್ಜಿ ಹುರೀತಿದ್ರಂತೆ. ಅವರು ಹೇಳೋ ಮಾತು ಕೇಳಿ: "ಒಳ್ಳೇದೆಲ್ಲ ಬೋರ್ಡಿಗೆ ಮಾರಾಯ್ತಿ. ಗಿಡದ ಬುಡದಲ್ಲಿ ಉದುರಿದ್ದನ್ನ ಹೆಕ್ಕಿ ತಂದು ನಾವು ಹುರ್ಕೊಳ್ತಿದ್ವಿ." ಕಬ್ಬಿಣದ ಒಂದು ಉರುಳೆ, ಅದಕ್ಕೊಂದು ಹಿಡಿ, ಕೆಂಡದ ಮೇಲೆ ಇಟ್ಟು ತಿರುಗಿಸೋದು. ಮೇಜಿಗೆ ಸಿಕ್ಕಿಸೋ ಕೈ ಮಿಲ್. ಬೆಲ್ಲ ಹಾಕಿದ ಕಾಫಿ. ಮಿಕ್ಸಿ, ಪ್ಯಾಕೆಟ್ ಪುಡಿ ಬಂದ ಮೇಲೆ ಉರುಳೆ ಅಟ್ಟಕ್ಕೆ ಹೋಯ್ತು. ನಾನು ಹುಡುಕಿ ಇಳಿಸೋ ಹೊತ್ತಿಗೆ ತುಕ್ಕು ತಿಂದು ತಳ ತೂತಾಗಿತ್ತು.

ಬೀಜದೊಳಗೆ ಏನಾಗುತ್ತೆ

ಸರಿ, ಈಗ ಕೆಲಸಕ್ಕೆ ಬರೋಣ.

ತೋಟದಲ್ಲಿ ಹಣ್ಣು ಕೊಯ್ದು ಹಾಗೇ ಕಣದಲ್ಲಿ ಒಣಗಿಸಿದ್ರೆ ಅದಕ್ಕೆ ಚೆರ್ರಿ ಅಂತೀವಿ. ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ್ರೆ ಪಾರ್ಚ್‌ಮೆಂಟ್. ಎರಡರಲ್ಲೂ ಹೊರಗಿನ ಪದರ ತೆಗೆದ ಮೇಲೆ ಸಿಗೋದೇ ಹಸಿರು ಬೀಜ. ಚೆನ್ನಾಗಿ ಒಣಗಿದ ಬೀಜದಲ್ಲಿ 10ರಿಂದ 12 ಪರ್ಸೆಂಟ್ ನೀರಿನಂಶ ಇರುತ್ತೆ. ಮನೆ ಮಟ್ಟಕ್ಕೆ ಒಂದು ಸೇರು ಬೇಕು ಅಂದ್ರೆ ಹಲ್ಲರ್ ಮಿಲ್ಲಿಗೆ ಹೋಗೋದೇನೂ ಬೇಡ. ಒರಳಲ್ಲಿ ಹಾಕಿ ಒನಕೆಯಲ್ಲಿ ಮೆತ್ತಗೆ ಕುಟ್ಟಿ, ಮೊರದಲ್ಲಿ ಕೇರಿದ್ರೆ ಆಯ್ತು. ತೋಟ ಇಲ್ಲದವರು ಹಸಿರು ಬೀಜವನ್ನೇ ಕೊಂಡ್ಕೋಬಹುದು.

ಬೀಜ ಬಿಸಿಯಾದಾಗ ಮೊದಲು ನೀರು ಹೋಗುತ್ತೆ. ಬಣ್ಣ ಹಸಿರಿಂದ ಹಳದಿಗೆ ತಿರುಗುತ್ತೆ, ಒಣಹುಲ್ಲಿನ ವಾಸನೆ ಬರುತ್ತೆ. ಸುಮಾರು 150 ಡಿಗ್ರಿ ದಾಟಿದ ಮೇಲೆ ಕಂದು ಬಣ್ಣ, ರೊಟ್ಟಿ ಬೇಯೋ ಥರದ ಪರಿಮಳ. ಬೀಜದ ಬಿಸಿ 200 ಡಿಗ್ರಿ ಹತ್ತಿರ ಬಂದಾಗ ಒಳಗಿನ ಹಬೆ, ಗ್ಯಾಸು ಒತ್ತಡ ತಾಳದೆ ಬೀಜ ಬಿರಿಯುತ್ತೆ. ಪಟ್ ಪಟ್ ಅಂತ ಸದ್ದು ಬರುತ್ತೆ. ಇದು ಮೊದಲ ಸಿಡಿತ, ಫಸ್ಟ್ ಕ್ರ್ಯಾಕ್. ಇಲ್ಲಿಂದ ಮುಂದಕ್ಕೆ ಮಾತ್ರ ಅದು ಕುಡಿಯೋಕೆ ಯೋಗ್ಯ ಕಾಫಿ. ಇನ್ನೂ ಬಿಸಿ ಹೋಗಿ 225 ಡಿಗ್ರಿ ಆಸುಪಾಸಿಗೆ ಬಂದಾಗ ಎರಡನೇ ಸಿಡಿತ. ಇದು ಮೆಲ್ಲಗೆ, ಬೇಗ ಬೇಗ, ಒಣಗಿದ ಎಲೆ ತುಳಿದ ಹಾಗೆ ಚಿಟಿಚಿಟಿ ಅನ್ನುತ್ತೆ. ಆಮೇಲೆ ಎಣ್ಣೆ ಮೇಲಕ್ಕೆ ಬರುತ್ತೆ, ಹೊಗೆ ಏಳುತ್ತೆ. ಅಲ್ಲಿ ಇನ್ನೊಂದೆರಡು ನಿಮಿಷ ಮೈಮರೆತ್ರೆ ಇದ್ದಿಲು.

ಹುರಿಯೋ ಹೊತ್ತಲ್ಲಿ ಬೀಜದ ಮೇಲಿನ ತೆಳು ಬೆಳ್ಳಿ ಸಿಪ್ಪೆ ಉದುರುತ್ತೆ. ಇದನ್ನ ನೆನಪಿಟ್ಕೊಳ್ಳಿ. ಒಣಗಿದ ಕಾಗದದ ಥರ, ಬೇಗ ಹತ್ಕೊಳ್ಳುತ್ತೆ.

ನಾನು ಸುಟ್ಟಿದ್ದು, ಬೇಯಿಸಿದ್ದು

ಮೊದಲು ಬೆಂಗಳೂರಿನ ರೂಮಲ್ಲಿ ಶುರು ಮಾಡ್ದೆ. ಏರ್ ಫ್ರೈಯರ್ ಇತ್ತು. 200 ಡಿಗ್ರಿಗೆ ಇಟ್ಟೆ. ಅರ್ಧ ಗಂಟೆ ಆದ್ರೂ ಸಿಡಿತ ಇಲ್ಲ. ಯಾಕೆ ಗೊತ್ತಾ? ಸಾಮಾನ್ಯವಾಗಿ ಇವುಗಳ ಗಾಳಿಯ ಬಿಸಿ 200 ಡಿಗ್ರಿಗೆ ನಿಲ್ಲುತ್ತೆ. ಬೀಜ ಅಲ್ಲಿಗೆ ಮುಟ್ಟೋದು ತುಂಬಾ ನಿಧಾನ. ಕೊನೆಗೆ ಬಂದಿದ್ದು ಕಂದು ಬಣ್ಣದ ಬೀಜ, ಆದ್ರೆ ರುಚಿ ರಟ್ಟಿನ ಡಬ್ಬ ನೆನೆಸಿದ ಹಾಗೆ. ಇದನ್ನ ಹುರಿದಿದ್ದು ಅನ್ನಲ್ಲ, ಬೇಯಿಸಿದ್ದು ಅಂತಾರೆ. ಮೇಲಾಗಿ ಸಿಪ್ಪೆ ಹಾರಿ ಕಾಯಿಲ್‌ಗೆ ತಾಗೋ ಅಪಾಯ ಬೇರೆ. ಏರ್ ಫ್ರೈಯರ್ ಬಿಡಿ.

ಓವನ್? ಟ್ರೇ ಮೇಲೆ ಹರಡಿದ್ರೆ ಅಂಚಿನವು ಕರಿ, ನಡುವಿನವು ಹಳದಿ. ಬೀಜ ಓಡಾಡ್ತಾ ಇರ್ಬೇಕು, ಓವನ್ನಲ್ಲಿ ಅದು ಸುಮ್ಮನೆ ಮಲಗಿರುತ್ತೆ. ಮೈಕ್ರೋವೇವ್‌ದೂ ಅದೇ ಹಣೆಬರಹ.

ಬಿಸಿಗಾಳಿಯ ಪಾಪ್‌ಕಾರ್ನ್ ಮೆಷಿನ್ ನಿಜಕ್ಕೂ ಕೆಲಸ ಮಾಡುತ್ತೆ. ಗಾಳಿಯೇ ಬೀಜವನ್ನ ತಿರುಗಿಸುತ್ತೆ, ಬಣ್ಣ ಒಂದೇ ಸಮ ಬರುತ್ತೆ, ಏಳೆಂಟು ನಿಮಿಷದಲ್ಲಿ ಮುಗಿಯುತ್ತೆ. ಆದ್ರೆ ಒಂದು ಸಲಕ್ಕೆ 70, 80 ಗ್ರಾಂ ಅಷ್ಟೇ. ಗಾಳಿ ಪಕ್ಕದ ಸೀಳುಗಳಿಂದ ಬರೋ ಥರದ್ದೇ ಆಗ್ಬೇಕು. ತಳದಲ್ಲಿ ಜಾಲರಿ ಇರೋದಾದ್ರೆ ಸಿಪ್ಪೆ ಕೆಳಗೆ ಬಿದ್ದು ಬೆಂಕಿ ಹತ್ಕೋಬಹುದು. ಒಂದು ಬ್ಯಾಚ್ ಆದ ಮೇಲೆ ಮೆಷಿನ್ ಪೂರ್ತಿ ತಣ್ಣಗಾಗಲಿ. ಅದನ್ನ ಮಾಡಿರೋದು ಜೋಳಕ್ಕೆ, ಕಾಫಿಗಲ್ಲ. ಹಾಕಿ ಬಿಟ್ಟು ರೀಲ್ಸ್ ನೋಡೋಕೆ ಹೋಗ್ಬೇಡಿ.

ನಾನು ಕೊನೆಗೆ ಬಂದು ನಿಂತಿದ್ದು ದಪ್ಪ ತಳದ ಕಬ್ಬಿಣದ ಬಾಣಲೆಗೆ. ನಾನ್‌ಸ್ಟಿಕ್ ಬೇಡ, ಈ ಬಿಸಿಗೆ ಅದರ ಲೇಪ ಹಾಳಾಗುತ್ತೆ. ಕುಕ್ಕರ್‌ನಲ್ಲಿ ಹುರಿಯೋದಾದ್ರೆ ಮುಚ್ಚಳ ಹಾಕಲೇಬೇಡಿ.

ಮೊದಲನೇ ಸಲ ಬಾಣಲೆಯಲ್ಲಿ ಹುರಿದಿದ್ದು ಊರಲ್ಲಿ. ಫೋನಲ್ಲಿ ವಿಡಿಯೋ ಹಾಕ್ಕೊಂಡು, ಟೈಮರ್ ಇಟ್ಕೊಂಡು ನಿಂತೆ. ಮೇಲೆಲ್ಲ ಕರಿ, ಕಚ್ಚಿ ನೋಡಿದ್ರೆ ಒಳಗೆ ಹಸಿ. ಉರಿ ಜಾಸ್ತಿಯಾಗಿತ್ತು. ಮನೆ ತುಂಬ ಹೊಗೆ, ಅಮ್ಮ ಕೆಮ್ತಾ ಹೊರಗೆ ಓಡಿದ್ರು. ಅಜ್ಜಿ ಮಾತ್ರ ಜಗಲಿ ಮೇಲೆ ಕೂತಲ್ಲಿಂದಲೇ ಹೇಳಿದ್ರು: "ಆ ಫೋನು ಆಚೆ ಇಡು. ಕಿವಿ ಎಲ್ಲಿಟ್ಟಿದ್ದೀ?"

ಅಜ್ಜಿಗೆ ಈಗ ಕಣ್ಣು ಸರಿಯಾಗಿ ಕಾಣಲ್ಲ. ಎರಡನೇ ಸಲ ಹುರಿಯೋವಾಗ ಒಲೆ ಪಕ್ಕ ಮಣೆ ಹಾಕ್ಕೊಂಡು ಕೂತ್ರು. ಬಣ್ಣ ನೋಡಲಿಲ್ಲ, ನೋಡೋಕಾಗಲ್ಲ. ವಾಸನೆ, ಸದ್ದು, ಎರಡೇ. "ಇನ್ನೂ ಹುಲ್ಲು ನಾರ್ತಿದೆ, ಕೈ ಬಿಡ್ಬೇಡ." "ಹಾಂ, ಈಗ ಸಿಡೀತು, ಉರಿ ಇಳಿಸು." "ತಡಿ... ತಡಿ... ಈಗ ಇಳಿಸು!" ಮೂವತ್ತೋ ನಲವತ್ತೋ ವರ್ಷ ಹುರಿದಿರ್ಲಿಲ್ಲ ಅವರು. ಒಂದು ಮರೆತಿರ್ಲಿಲ್ಲ.

ಬಾಣಲೆ ಲೆಕ್ಕ

ಬರ್ಕೊಳ್ಳೋರು ಬರ್ಕೊಳ್ಳಿ. ನನ್ನ ಅಳತೆ 200 ಗ್ರಾಂ ಬೀಜ. ಮೊದಲು ಆರಿಸಿ: ಕರಿ ಬೀಜ, ಒಡೆದಿದ್ದು, ಕಾಯಿಕೊರಕ ಹುಳ ತೂತು ಮಾಡಿದ್ದು, ಸಣ್ಣ ಕಲ್ಲು, ಎಲ್ಲ ತೆಗೀರಿ.

ಬಾಣಲೆಯನ್ನ ಮಧ್ಯಮ ಉರಿಯಲ್ಲಿ ಚೆನ್ನಾಗಿ ಕಾಯಿಸಿ, ಬೀಜ ಹಾಕಿ, ಮರದ ಸಟ್ಟುಗದಲ್ಲಿ ಕೈ ನಿಲ್ಲಿಸದೆ ಆಡಿಸ್ತಾ ಇರಿ. ನಾಲ್ಕೈದು ನಿಮಿಷಕ್ಕೆ ಹಳದಿ. ಎಂಟು ನಿಮಿಷದ ಹೊತ್ತಿಗೆ ಕಂದು. ಒಂಬತ್ತರಿಂದ ಹನ್ನೊಂದು ನಿಮಿಷದೊಳಗೆ ಮೊದಲ ಸಿಡಿತ ಬರಬೇಕು. ಐದು ನಿಮಿಷಕ್ಕೇ ಬಂದ್ರೆ ಉರಿ ಜಾಸ್ತಿ, ಹದಿನೈದಾದ್ರೂ ಬರದಿದ್ರೆ ಉರಿ ಕಡಿಮೆ. ಸಿಡಿತ ಶುರುವಾದ ಕೂಡ್ಲೇ ಉರಿ ಸ್ವಲ್ಪ ಇಳಿಸಿ. ಅರೇಬಿಕಾ ಆದ್ರೆ ಸಿಡಿತ ಜೋರು, ಆಮೇಲೆ ಬೇಗ ಓಡುತ್ತೆ. ರೊಬಸ್ಟಾ ಗಟ್ಟಿ, ಸದ್ದು ಸಣ್ಣದು, ಕಿವಿ ಹತ್ತಿರ ಇರ್ಲಿ. ಬ್ಲ್ಯಾಕ್ ಕಾಫಿ ಕುಡಿಯೋರು ಸಿಡಿತ ನಿಂತ ಒಂದು ನಿಮಿಷಕ್ಕೆ ಇಳಿಸಬಹುದು. ನಮ್ಮ ಫಿಲ್ಟರ್ ಕಾಫಿ, ಹಾಲು ಹಾಕೋದಾದ್ರೆ ಎರಡನೇ ಸಿಡಿತದ ಮೊದಲ ಒಂದೆರಡು ಸದ್ದು ಕೇಳಿದ ಕೂಡ್ಲೇ ಇಳಿಸಿ.

ಇಳಿಸಿದ ಮೇಲೂ ಬೀಜ ತನ್ನ ಬಿಸಿಯಲ್ಲೇ ಬೇಯ್ತಾ ಇರುತ್ತೆ. ಮೂರ್ನಾಲ್ಕು ನಿಮಿಷದೊಳಗೆ ತಣ್ಣಗಾಗಬೇಕು. ಇದಕ್ಕೆ ಮೊರಕ್ಕಿಂತ ಒಳ್ಳೇ ಉಪಕರಣ ನನಗೆ ಸಿಕ್ಕಿಲ್ಲ. ಅಂಗಳಕ್ಕೆ ಬಂದು ಕೇರಿದ್ರೆ ಸಿಪ್ಪೆ ಹಾರುತ್ತೆ, ಬೀಜ ಆರುತ್ತೆ, ಎರಡೂ ಒಟ್ಟಿಗೆ. ಸಿಟೀಲಿ ಇರೋರು ಎರಡು ಸ್ಟೀಲ್ ಜರಡಿ ಇಟ್ಕೊಂಡು ಫ್ಯಾನ್ ಮುಂದೆ ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಸುರೀರಿ. ಕಿಟಕಿ ತೆಗೆದಿರ್ಲಿ, ಚಿಮಣಿ ಹಾಕಿರ್ಲಿ.

ಈಗ ತೂಕ ಮಾಡಿ. 200 ಗ್ರಾಂ ಇದ್ದಿದ್ದು 170 ಗ್ರಾಂ ಹತ್ತಿರ ಬಂದಿರುತ್ತೆ. ಗಾತ್ರ ಮಾತ್ರ ಉಬ್ಬಿರುತ್ತೆ. ಅವತ್ತೇ ಪುಡಿ ಮಾಡೋಕೆ ಹೋಗ್ಬೇಡಿ. ಹುರಿದ ಬೀಜ ಕಾರ್ಬನ್ ಡೈ ಆಕ್ಸೈಡ್ ಬಿಡ್ತಾ ಇರುತ್ತೆ, ಒಂದು ದಿನ ಡಬ್ಬದ ಮುಚ್ಚಳ ಸಡಿಲ ಇರ್ಲಿ. ಆಮೇಲೆ ಗಾಳಿಯಾಡದ ಹಾಗೆ ಮುಚ್ಚಿ. ಬೀಜವಾಗಿದ್ರೆ ಎರಡು ಮೂರು ವಾರ ಚೆನ್ನಾಗಿರುತ್ತೆ, ಪುಡಿ ಮಾಡಿದ್ರೆ ಕೆಲವೇ ದಿನ.

ಬಿಳಿ ಬೀಜಗಳು

ಈಗ ನಾನು ಮೊದಲೇ ಹೇಳಿದ ನಾಚಿಕೆಯ ಕಥೆಯ ಎರಡನೇ ಭಾಗ.

ಆ ವರ್ಷ ಕುಯ್ಲಿನ ಹೊತ್ತಿಗೆ ಅಕಾಲಿಕ ಮಳೆ ಹಿಡಿದಿತ್ತು. ಕಣದಲ್ಲಿ ಹರಡಿದ ಕಾಫಿ ಬಾಚಿ ಟಾರ್ಪಾಲ್ ಅಡಿ ರಾಶಿ ಹಾಕೋದು, ಬಿಸಿಲು ಬಂದ್ರೆ ಬಿಚ್ಚೋದು, ಇದೇ ಆಯ್ತು. ಕೆಲಸಕ್ಕೆ ಜನ ಸಿಗಲಿಲ್ಲ. ಸಿಕ್ಕ ದಿನ ಹಣ್ಣು, ಕಾಯಿ ಅಂತ ನೋಡದೆ ಒಟ್ಟಿಗೆ ಉದುರಿಸಿಬಿಟ್ಟಿದ್ರು. ಅಪ್ಪ ಸ್ಯಾಂಪಲ್ ತಗೊಂಡು ವ್ಯಾಪಾರಿ ಹತ್ರ ಹೋದ್ರೆ ರೇಟು ಕಡಿತ ಮಾಡಿದ್ರಂತೆ. ಚೆರ್ರಿ ಲೆಕ್ಕ ನಿಮಗೆ ಗೊತ್ತಿರಬಹುದು: 50 ಕೆಜಿ ಮೂಟೆ ಒಡೆದ್ರೆ ಎಷ್ಟು ಕೆಜಿ ಬೀಜ ಸಿಗುತ್ತೆ ಅನ್ನೋದು ಔಟ್‌ಟರ್ನ್. ಅದರ ಮೇಲೆ ಬೆಲೆ. ಅಪ್ಪ ಮನೆಗೆ ಬಂದವರೇ "ಎಲ್ಲ ಮೋಸ. ನಮ್ಮ ಕಾಫಿಗೆ ಏನಾಗಿದೆ?" ಅಂತ ಕೂಗಾಡಿದ್ರು.

ನಾನು ಅದೇ ಮೂಟೆಯಿಂದ ಒಂದಿಷ್ಟು ಕುಟ್ಟಿ ಹುರಿದೆ. ಮೊರದಲ್ಲಿ ಹರಡಿದಾಗ ಕಂಡಿತು. ಎಲ್ಲ ಕಂದು ಬೀಜದ ನಡುವೆ ಅಲ್ಲಲ್ಲಿ ಬಿಳಿಚಿಕೊಂಡ, ಕಡಲೆಬೀಜದ ಬಣ್ಣದ ಬೀಜಗಳು. ಎಷ್ಟು ಹುರಿದ್ರೂ ಅವು ಕಪ್ಪಾಗಲ್ಲ. ಬಲಿಯದ ಕಾಯಿಯಲ್ಲಿ ಸಕ್ಕರೆ ತುಂಬಿರಲ್ಲ, ಹಾಗಾಗಿ ಬಣ್ಣ ಹಿಡಿಯಲ್ಲ. ನೂರು ಬೀಜ ಎಣಿಸಿದೆ, ಹದಿನಾಲ್ಕು ಬಿಳಿ. ಹಸಿರಾಗಿದ್ದಾಗ ಇದು ಕಣ್ಣಿಗೆ ಅಷ್ಟಾಗಿ ಬೀಳಲ್ಲ. ಹುರಿದ್ರೆ ಮುಚ್ಚಿಡೋಕಾಗಲ್ಲ.

ಹಾಲು ಹಾಕದೆ ಡಿಕಾಕ್ಷನ್ ಅಪ್ಪನಿಗೆ ಕೊಟ್ಟೆ. "ಅಪ್ಪ, ಏನೂ ಹೇಳಲ್ಲ, ನೀವೇ ಕುಡಿದು ನೋಡಿ." ಒಂದು ಗುಟುಕು ಕುಡಿದ್ರು. ಸುಮ್ಮನಾದ್ರು. ಇನ್ನೊಂದು ಗುಟುಕು. "ಹಳೇ ಗೋಣಿಚೀಲ ನಾರ್ತದೆ" ಅಂದ್ರು. ಬೂಷ್ಟು. ಟಾರ್ಪಾಲ್ ಅಡಿ ಬೆಚ್ಚಗಾದ ರಾಶಿ.

ಆಮೇಲೆ ಅವರೇ ಎದ್ದು ಹೋಗಿ ಇನ್ನೊಂದು ಮೂಟೆಯಿಂದ ಒಂದು ಬೊಗಸೆ ತಂದ್ರು. ಮಳೆಗೆ ಮುಂಚೆ ಕೊಯ್ದು ಒಣಗಿಸಿದ್ದು. "ಇದನ್ನೂ ಹುರಿ." ಹುರಿದೆ. ಅಜ್ಜಿ ಸದ್ದು ಕೇಳಿ ಇಳಿಸು ಅಂದ್ರು. ಆ ಲೋಟ ಬೇರೆಯೇ ಇತ್ತು. ಗಟ್ಟಿ, ಕಹಿ ಇದೆ ಆದ್ರೆ ಗಂಟಲಿಗೆ ಹಿಡಿಯಲ್ಲ, ಕೊನೆಗೆ ಬೆಲ್ಲದ ಪಾಕದ ಥರ ಒಂದು ಸಿಹಿ. ಅದು ನಮ್ಮ ತೋಟದ ರುಚಿ. ಆಫೀಸಿನ ಆ ಹುಡುಗಿಗೆ ಕೊಡಬೇಕಿದ್ದ ಉತ್ತರ.

ಅಪ್ಪ ತುಂಬಾ ಹೊತ್ತು ಮಾತಾಡ್ಲಿಲ್ಲ. ರಾತ್ರಿ ಊಟ ಮಾಡೋವಾಗ ಅಂದ್ರು: "ಎರಡನ್ನೂ ಬೆರೆಸಿ ನಾನೇ ಹಾಳು ಮಾಡ್ದೆ." ನಿಜ. ಸ್ಯಾಂಪಲ್ ಕಟ್ಟೋವಾಗ ಎರಡೂ ಒಟ್ಟಿಗೆ ಸೇರಿತ್ತು. ಒಳ್ಳೇ ಕಾಫಿಗೂ ಕೆಟ್ಟ ಕಾಫಿಯ ಬೆಲೆ ಬಿದ್ದಿತ್ತು. ವ್ಯಾಪಾರಿ ಕಡಿತ ಮಾಡಿದ್ದು ಪೂರ್ತಿ ಸರಿಯಾ, ತಪ್ಪಾ ಅಂತ ನಾನು ತೀರ್ಪು ಕೊಡಲ್ಲ. ಆದ್ರೆ ವಾದ ಮಾಡೋಕೆ ನಮ್ಮ ಹತ್ರ ಏನೂ ಇರ್ಲಿಲ್ಲ. ಯಾಕಂದ್ರೆ ಮಾರೋ ವಸ್ತು ಏನು ಅಂತ ಮಾರೋರಿಗೇ ಗೊತ್ತಿರ್ಲಿಲ್ಲ.

ಮುಂದಿನ ವರ್ಷದಿಂದ ನಮ್ಮನೇಲಿ ಎರಡು ಬದಲಾವಣೆ. ಒಂದು, ಕೊಯ್ದ ದಿನ, ಒಣಗಿದ ರೀತಿ ನೋಡಿ ಮೂಟೆ ಬೇರೆ ಬೇರೆ, ಮೇಲೆ ಮಾರ್ಕರ್‌ನಲ್ಲಿ ತಾರೀಕು. ಎರಡು, ಪ್ರತಿ ರಾಶಿಯಿಂದ ಒಂದು ಹಿಡಿ ಬಾಣಲೆಗೆ. ಮಳೆಗೆ ಸಿಕ್ಕಿದ್ದನ್ನ ಅದರ ಬೆಲೆಗೇ ಕೊಟ್ವಿ, ಚೆನ್ನಾಗಿದ್ದಿದ್ದಕ್ಕೆ ಕಡಿತ ಇಲ್ಲದ ಬೆಲೆ ಕೇಳಿ ತಗೊಂಡ್ವಿ. ಶ್ರೀಮಂತರಾಗಿಬಿಟ್ವಾ? ಇಲ್ಲ. ಪೂರ್ತಿ ಹಣ್ಣನ್ನೇ ಆರಿಸಿ ಕೊಯ್ಸೋಕೆ ಕೂಲಿ ಲೆಕ್ಕ ಇನ್ನೂ ಹೊಂದ್ತಿಲ್ಲ. ಮಳೆ ನಮ್ಮ ಕೈಯಲ್ಲಿಲ್ಲ. ಆದ್ರೆ ಅಪ್ಪ ಈಗ ಸ್ಯಾಂಪಲ್ ಹಿಡ್ಕೊಂಡು ಹೋಗೋವಾಗ ತಲೆ ತಗ್ಗಿಸಿ ಹೋಗಲ್ಲ, ಸುಮ್ಮನೆ ಕೂಗಾಡೋದೂ ಇಲ್ಲ.

ಕೊನೆಯದಾಗಿ ಎರಡು ಮಾತು. ಹುರಿದು ಸ್ನೇಹಿತರಿಗೆ ಕೊಡೋದು ಬೇರೆ, ಮಾರೋದು ಬೇರೆ. ಇನ್‌ಸ್ಟಾಗ್ರಾಂನಲ್ಲಿ ಅರ್ಧ ಕೆಜಿ ಮಾರೋದಾದ್ರೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಚಿಕೋರಿ ಬೆರೆಸಿದ್ರೆ ಎಷ್ಟು ಅಂತ ಲೇಬಲ್ ಮೇಲೆ ಹಾಕಬೇಕು, ಕಾಫಿ ಕನಿಷ್ಠ 51 ಪರ್ಸೆಂಟ್ ಇರಲೇಬೇಕು. ಇದನ್ನ ಗಂಭೀರವಾಗಿ ಕಲಿಯೋ ಆಸೆ ಇದ್ರೆ ಕಾಫಿ ಮಂಡಳಿಯವರು ಬೆಂಗಳೂರಲ್ಲಿ 'ಕಾಪಿ ಶಾಸ್ತ್ರ' ಅನ್ನೋ ತರಬೇತಿ ನಡೆಸ್ತಾರೆ, ಅದರಲ್ಲಿ ಹುರಿಯೋದನ್ನೂ ಹೇಳಿಕೊಡ್ತಾರೆ.

ಇನ್ನೊಂದು ಮಾತು, ನಮ್ಮ ಕಡೆಯ ಹುಡುಗ ಹುಡುಗಿಯರಿಗೆ. ಈ ಸಲ ಊರಿಗೆ ಹೋದಾಗ ಶೆಡ್ಡಿಂದ ಒಂದು ಸೇರು ತಗೊಳ್ಳಿ. ಕುಟ್ಟಿ, ಕೇರಿ, ಹುರೀರಿ. ಮೊದಲನೇದು ಸುಟ್ಟು ಹೋಗುತ್ತೆ, ಹೋಗ್ಲಿ. ಮನೇಲಿ ಅಜ್ಜಿ ಇದ್ರೆ ಪಕ್ಕದಲ್ಲಿ ಕೂರಿಸ್ಕೊಳ್ಳಿ. ಅಪ್ಪನಿಗೆ ಹಾಲು ಹಾಕದೆ ಒಂದು ಲೋಟ ಕೊಡಿ. ಅವರು ಏನಂದ್ರು ಅಂತ ನಮಗೆ ವಾಯ್ಸ್ ಮೆಸೇಜ್ ಕಳಿಸಿ.

ಮುಂದಿನ ಕಂತಲ್ಲಿ ಸಿಗೋಣ. ಉರಿ ಸಣ್ಣಗಿರ್ಲಿ, ಕಿವಿ ಹತ್ತಿರ ಇರ್ಲಿ. ನಮಸ್ಕಾರ.